ಸುದ್ದಿಗೆ ಮೊದಲು ಸದ್ದು

ಕಳೆದ ಸೆಮಿಸ್ಟರ್‌ನಲ್ಲಿ, ವಿಡಿಯೊ ಸುದ್ದಿ ಮಾಡುವುದನ್ನು ಕಲಿಸುವ ನನ್ನ ಕ್ಲಾಸಿನ ಹುಡುಗಿಯೊಬ್ಬಳು ಚನ್ನಪಟ್ಟಣಕ್ಕೆ ಹೋಗಿ, ಗೊಂಬೆ ಮಾಡುವ ಒಂದು ಚಿಕ್ಕ ಕಾರ್ಖಾನೆಯ ಮೇಲೆ ಎರಡೂವರೆ ನಿಮಿಷದ ವಿಡಿಯೊ ಸ್ಟೋರಿ ಮಾಡಿಕೊಂಡು ಬಂದಳು. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್, ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ವಾಪಸ್. ವಿಷುವಲ್ಸ್ ಚೆನ್ನಾಗಿದ್ದವು, ಕೆಂಪು ಹಳದಿ ಬಣ್ಣದ ಕ್ಲೋಸಪ್‌ಗಳು ಕಣ್ಣಿಗೆ ಹಬ್ಬ. ಆದರೆ ಮೊದಲಿನಿಂದ ಕೊನೆಯವರೆಗೂ ಹಿಂದೆ ಕೊಳಲಿನ ಮ್ಯೂಸಿಕ್. ಅದರ ಮೇಲೆ ಟಿಪ್ಪು ಕಾಲದ ಕಲೆ, ಜಿಐ ಟ್ಯಾಗ್ ಸಿಕ್ಕಿದೆ ಅನ್ನುವ ವಾಯ್ಸ್ ಓವರ್. ನಡುವೆ ಮಾಲೀಕರ ಒಂದು ಬೈಟ್, ಅಂದರೆ ಕ್ಯಾಮೆರಾ ಮುಂದೆ ಅವರೇ ಆಡಿದ ಒಂದು ತುಣುಕು ಮಾತು: "ಮುಂಚಿನಷ್ಟು ವ್ಯಾಪಾರ ಇಲ್ಲಮ್ಮ."

ನಾನು ಅವಳ ವಾಯ್ಸ್ ಓವರ್ ಟ್ರ್ಯಾಕ್ ಮ್ಯೂಟ್ ಮಾಡಿ, ಪ್ರೊಜೆಕ್ಟರನ್ನೂ ಆಫ್ ಮಾಡಿ, ಇದು ಯಾವ ಅಂಗಡಿ ಹೇಳಿ ಅಂತ ಎಲ್ಲರನ್ನೂ ಕೇಳಿದೆ. ಯಾರಿಗೂ ಹೇಳೋಕೆ ಆಗಲಿಲ್ಲ. ಅದು ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲ್ಲೂ ಆಗಿರಬಹುದು, ಇಳಕಲ್ಲಿನ ಸೀರೆ ಅಂಗಡಿಯೂ ಆಗಿರಬಹುದು. ಕೊಳಲು ಎಲ್ಲದಕ್ಕೂ ಹೊಂದುತ್ತದೆ, ಅದೇ ತೊಂದರೆ.

ಅವಳು ಹೋಗಿದ್ದ ಜಾಗದಲ್ಲಿ ಸದ್ದಿಗೇನು ಬರವೇ? ಗೊಂಬೆ ಮಾಡುವುದು ಆಲೆ ಮರದಿಂದ. ಮರದ ತುಂಡನ್ನು ಲೇತ್‌ಗೆ ಸಿಕ್ಕಿಸಿ ತಿರುಗಿಸುತ್ತಾ ಉಳಿ ಹಿಡಿಯುತ್ತಾರೆ. ತುಂಡು ಇನ್ನೂ ಒರಟಾಗಿದ್ದಾಗ ಉಬ್ಬಿರುವ ಕಡೆ ಮಾತ್ರ ಉಳಿ ತಾಗುತ್ತದೆ, ಹಾಗಾಗಿ ಟಕಟಕ ಅನ್ನುತ್ತದೆ. ದುಂಡಗಾಗುತ್ತಾ ಬಂದಂತೆ ಆ ಟಕಟಕ ಹತ್ತಿರ ಹತ್ತಿರವಾಗಿ ಕೊನೆಗೆ ಒಂದೇ ಸಮನೆ ಸರ್ರ್ ಅಂತ ಎಳೆಯುತ್ತದೆ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ, ಉಜ್ಜಿದ ಬಿಸಿಗೆ ಅರಗು ಕರಗಿ ಅಂಟಿಕೊಳ್ಳುತ್ತದೆ, ಸದ್ದು ಒಮ್ಮೆಲೇ ಮೆತ್ತಗಾಗುತ್ತದೆ. ಕೊನೆಗೆ ತಾಳೆಗರಿಯಿಂದ ಹೊಳಪು ಕೊಡುವಾಗ ಬೇರೆಯದೇ ಒಂದು ಸದ್ದು. ಅಂದರೆ ಕಣ್ಣು ಮುಚ್ಚಿಕೊಂಡರೂ ಕೆಲಸ ಎಲ್ಲಿಗೆ ಬಂತು ಅಂತ ಗೊತ್ತಾಗುತ್ತದೆ! ವಾಯ್ಸ್ ಓವರ್‌ನಲ್ಲಿ ಅರ್ಧ ನಿಮಿಷ ಹೇಳಬೇಕಾದ್ದನ್ನು ಈ ಸದ್ದು ಎಂಟು ಸೆಕೆಂಡಿನಲ್ಲಿ ಹೇಳುತ್ತದೆ, ಅದೂ ಆ ಜಾಗಕ್ಕೇ ಕರೆದುಕೊಂಡು ಹೋಗಿ.

ಶಾಲೆಯಲ್ಲಿ ಅನುಕರಣಾವ್ಯಯ ಅಂತ ಕಲಿತಿದ್ದೆವಲ್ಲ, ಪಟಪಟ, ಜುಳುಜುಳು, ದಬದಬ, ಅದನ್ನೇ ನಾನು ಈಗ ಕ್ಲಾಸಿನಲ್ಲಿ ಬಳಸುತ್ತೇನೆ. ಅಂಗಡಿಗೆ ಹೋದ ಮೇಲೆ ಮೊದಲ ಹದಿನೈದು ನಿಮಿಷ ಕ್ಯಾಮೆರಾ ಮುಟ್ಟಬೇಡಿ, ಕೇಳಿದ ಸದ್ದುಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ ಅನ್ನುತ್ತೇನೆ. 'ಮಷೀನ್ ಶಬ್ದ' ಅಂತ ಬರೆದರೆ ನಾನು ಒಪ್ಪುವುದಿಲ್ಲ. ಆ ಮಷೀನು ಏನನ್ನುತ್ತದೆ? ಗುಂಯ್ ಅನ್ನುತ್ತದೋ, ಗಡಗಡ ಅನ್ನುತ್ತದೋ, ನಡುನಡುವೆ ಕಿರ್ ಅಂತ ಎಳೆಯುತ್ತದೋ? ನಮ್ಮ ಭಾಷೆಯಲ್ಲಿ ಒಂದೊಂದು ಸದ್ದಿಗೂ ಒಂದೊಂದು ಪದ ಇದೆ, ಇಲ್ಲದಿದ್ದರೆ ಅಲ್ಲೇ ಒಂದು ಹುಟ್ಟಿಸಿಕೊಳ್ಳಬಹುದು. ಸರಿಯಾದ ಪದ ಹುಡುಕೋಕೆ ಹೋದಾಗಲೇ ಕಿವಿ ನಿಜವಾಗಿ ಕೇಳಲು ಶುರು ಮಾಡುವುದು. ಕಾಫಿಪುಡಿ ಅಂಗಡಿಗೆ ಹೋದ ಒಬ್ಬ ಹುಡುಗ ಬೀಜ ಹುರಿಯುವಾಗ ಒಂದು ಹಂತದಲ್ಲಿ ಚಟಚಟ ಸಿಡಿಯುವುದನ್ನು ಬರೆದುಕೊಂಡು ಬಂದಿದ್ದ. ಹುರಿಯುವವರು ಆ ಸದ್ದಿಗೇ ಕಾಯುತ್ತಾರೆ ಅಂತ ಆಮೇಲೆ ಅವರನ್ನೇ ಕೇಳಿ ತಿಳಿದುಕೊಂಡ. ಅವನ ಸ್ಟೋರಿ ಶುರುವಾಗಿದ್ದೇ ಅಲ್ಲಿಂದ.

ಸದ್ದು ಇಲ್ಲದಿರುವುದೂ ಸುದ್ದಿ ಆಗಬಹುದು. ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೋಗುವವರು ಹರಾಜಿನ ಕೂಗಾಟ ಸಿಗುತ್ತದೆ ಅಂದುಕೊಂಡು ಹೋಗುತ್ತಾರೆ. ಅಲ್ಲಿ ಈಗ ಇ-ಹರಾಜು. ಬೆಲೆ ಕೂಗುವವರು ಇಲ್ಲ. ಹಾಗಂತ ಯಾರನ್ನಾದರೂ ಹಿಡಿದು "ಒಂದ್ಸಲ ಕೂಗಿ ಅಣ್ಣ" ಅಂತ ಕೇಳಬಾರದು. ಅಲ್ಲಿರುವ ಗೂಡು ಸುರಿಯುವ ಸದ್ದು, ರೈತರ ಗುಸುಗುಸು, ಅದನ್ನೇ ತನ್ನಿ.

ಇನ್ನು ರೆಕಾರ್ಡಿಂಗ್ ವಿಷಯ. ನಮ್ಮ ಹುಡುಗರ ಹತ್ತಿರ ಇರುವುದು ಫೋನು, ಜಾಸ್ತಿ ಅಂದರೆ ಒಂದು ಕಾಲರ್ ಮೈಕು. ಸಾಕು. ಆದರೆ ಸದ್ದಿನ ಹತ್ತಿರ ಹೋಗಬೇಕು. ದೂರದಿಂದ ಜೂಮ್ ಮಾಡಿದರೆ ಚಿತ್ರ ಹತ್ತಿರ ಬರುತ್ತದೆ, ಸದ್ದು ಬರುವುದಿಲ್ಲ. ಬಯಲಲ್ಲಿ ದೂರ ಎರಡು ಪಟ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಗೋಡೆ ಇರುವ ಕೋಣೆಯಲ್ಲಿ ಅಷ್ಟು ಇಳಿಯದಿದ್ದರೂ ಮಾರ್ದನಿ ಸೇರಿಕೊಂಡು ಎಲ್ಲ ಕಲಸಿಹೋಗುತ್ತದೆ. ಫೋನಿನ ಇನ್ನೊಂದು ಚಾಳಿ ಅಂದರೆ ರೆಕಾರ್ಡಿಂಗ್ ಲೆವೆಲ್ಲನ್ನು ತಾನೇ ಏರಿಸಿ ಇಳಿಸುವುದು. ಸುಮ್ಮನಿದ್ದಾಗ ಏರಿಸಿ ಹಿಸ್ ಅನ್ನಿಸುತ್ತದೆ, ಮಷೀನ್ ಶುರುವಾದ ಕೂಡಲೇ ತಗ್ಗಿಸಿಬಿಡುತ್ತದೆ, ನಮಗೆ ಬೇಕಾದ ಆ ಮೊದಲ ಧಡ್ ಹಾಳಾಗುತ್ತದೆ. ಲೆವೆಲ್ ನಾವೇ ಇಡಲು ಬಿಡುವ ಆಪ್ ಹಾಕಿಕೊಂಡು, ಅತಿ ಜೋರಿನ ಸದ್ದಿಗೂ ಮೀಟರ್ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿ ನಿಲ್ಲುವಂತೆ ನೋಡಿಕೊಳ್ಳಿ. ಇಯರ್‌ಫೋನ್ ಕಿವಿಯಲ್ಲಿರಲಿ, ದಯವಿಟ್ಟು. ಬರುವ ಮೊದಲು ಯಾರೂ ಮಾತಾಡದೆ ಒಂದು ನಿಮಿಷ ಆ ಕೋಣೆಯ ಸದ್ದನ್ನಷ್ಟೇ ರೆಕಾರ್ಡ್ ಮಾಡಿ, ಎಡಿಟಿಂಗ್‌ನಲ್ಲಿ ಎರಡು ಬೈಟ್ ನಡುವಿನ ಹಳ್ಳ ಮುಚ್ಚಲು ಅದೇ ಬೇಕು.

ಅಂಗಡಿಯಲ್ಲಿ ರೇಡಿಯೊ ಹಾಡುತ್ತಿದ್ದರೆ? ಬೈಟ್ ತೆಗೆದುಕೊಳ್ಳುವಾಗ "ಸ್ವಲ್ಪ ನಿಲ್ಲಿಸ್ತೀರಾ" ಅಂತ ಕೇಳಿ, ತಪ್ಪಿಲ್ಲ. ಹಾಡು ಹಿಂದೆ ಇದ್ದರೆ ಕತ್ತರಿಸಿದ ಕಡೆಯೆಲ್ಲ ಜಿಗಿಯುತ್ತದೆ, ಅಪ್‌ಲೋಡ್ ಮಾಡಿದ ಮೇಲೆ ಕಾಪಿರೈಟ್ ತಕರಾರು ಬೇರೆ. ಆದರೆ ಕೆಲಸದ ಸದ್ದಿಗೆ ಮಾತ್ರ ನಾನು ಏನನ್ನೂ ಬದಲಾಯಿಸಲು ಬಿಡುವುದಿಲ್ಲ.

ಎಡಿಟ್ ಮಾಡುವಾಗ ವಾಯ್ಸ್ ಓವರ್‌ಗೆ ಉಸಿರಾಡಲು ಜಾಗ ಕೊಡಿ. ಎರಡು ವಾಕ್ಯ ಹೇಳಿ ನಿಲ್ಲಿಸಿ, ಸದ್ದನ್ನು ಎರಡು ಮೂರು ಸೆಕೆಂಡು ಪೂರ್ತಿ ಬಿಡಿ, ಮತ್ತೆ ತಗ್ಗಿಸಿ ಮಾತಿನ ಕೆಳಗೆ ಓಡಿಸಿ. ಹೊಸ ಜಾಗಕ್ಕೆ ಹೋಗುವಾಗ ಚಿತ್ರಕ್ಕಿಂತ ಒಂದು ಸೆಕೆಂಡ್ ಮೊದಲು ಸದ್ದು ಬಂದರೆ ನೋಡುವವರು ತಾವೇ ಆ ಕಡೆ ತಿರುಗುತ್ತಾರೆ. ಮುಗಿದ ಮೇಲೆ ಫೋನಿನ ಸ್ಪೀಕರಿನಲ್ಲೇ ಒಮ್ಮೆ ಕೇಳಿ. ಮೋಟಾರಿನ ಗುಂಯ್ ಅದರಲ್ಲಿ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ, ಉಳಿಯ ಸರ್ರ್ ಕೇಳಿಸುತ್ತದೆ. ಯಾವುದನ್ನು ಉಳಿಸಬೇಕು ಅಂತ ಆಗ ಗೊತ್ತಾಗುತ್ತದೆ.

ಆ ಹುಡುಗಿ ಮತ್ತೆ ಚನ್ನಪಟ್ಟಣಕ್ಕೆ ಹೋದಳು. ಎರಡನೇ ಸಲದ ಸ್ಟೋರಿ ನಿಜಕ್ಕೂ ಬೇರೆಯೇ ಇತ್ತು, ಶುರುವಿನ ಐದು ಸೆಕೆಂಡು ಬರೀ ಟಕಟಕ, ಆಮೇಲೆ ಆ ಸರ್ರ್, ಆಮೇಲೆ ಅವಳ ದನಿ. ಕ್ಲಾಸು ಚಪ್ಪಾಳೆ ಹೊಡೆಯಿತು, ನನಗೂ ತುಂಬಾ ಖುಷಿಯಾಯಿತು. ಅವಳು ಅದನ್ನು ಆ ಕಾರ್ಖಾನೆಯ ಮಾಲೀಕರಿಗೆ ವಾಟ್ಸಾಪ್‌ನಲ್ಲಿ ಕಳಿಸಿದಳು. ರಾತ್ರಿ ಅವರಿಂದ ವಾಯ್ಸ್ ಮೆಸೇಜ್ ಬಂತು: "ಚೆನ್ನಾಗೈತಮ್ಮ. ಆದ್ರೆ ಮಧ್ಯದಲ್ಲಿ ಬರೋದು ನಮ್ಮ ಮಷೀನಲ್ಲ."

ನಿಜವೇ. ಅವರ ಲೇತ್‌ನ ಬೆಲ್ಟು ಹಳೆಯದು, ಸುತ್ತಿಗೊಮ್ಮೆ ಟಪ್ ಅನ್ನುತ್ತದೆ. ಅದು ಅಡ್ಡ ಬರುತ್ತದೆ ಅಂತ ಅವಳು ಪಕ್ಕದ ಕಾರ್ಖಾನೆಯಲ್ಲಿ ತೆಗೆದ ಶುದ್ಧವಾದ ಸದ್ದನ್ನು ಅವರ ಚಿತ್ರಕ್ಕೆ ಜೋಡಿಸಿದ್ದಳು. ನನಗೆ ಗೊತ್ತೇ ಆಗಿರಲಿಲ್ಲ. ಇಪ್ಪತ್ತು ಜನ ಕೂತು ನೋಡಿದ್ದೆವು, ಯಾರಿಗೂ ಗೊತ್ತಾಗಿರಲಿಲ್ಲ. ಮುಂದಿನ ಶನಿವಾರ ಅವಳು ಮೂರನೇ ಸಲ ರೈಲು ಹತ್ತಿದಳು. ಈಗಿರುವ ವಿಡಿಯೊದಲ್ಲಿ ಒಂದನೇ ನಿಮಿಷ ಕಳೆದ ಮೇಲೆ ಅವಳು ಮಾತು ನಿಲ್ಲಿಸುತ್ತಾಳೆ, ಟಪ್, ಟಪ್, ಟಪ್ ಅಂತ ಬೆಲ್ಟು ಕೇಳಿಸುತ್ತದೆ, ಆಮೇಲೆ ಅವರ ಬೈಟ್: "ಹೊಸ ಬೆಲ್ಟ್ ಹಾಕ್ಸಬೇಕು, ದಸರಾ ಆರ್ಡರ್ ಬರಲಿ ಅಂತ ಕಾಯ್ತಾ ಇದೀನಿ."