ನಾಲ್ಕು ಸಂಜೆಯ ಬೇಸ್ ವಾದಕ

ನಮ್ಮ ಕಾಲೇಜಿನ ಸಂಗೀತದ ಕೋಣೆಯಲ್ಲಿ ಬೇಸ್ ಗಿಟಾರ್ ಯಾವಾಗಲೂ ಯಾರಿಗೂ ಬೇಡದೆ ಉಳಿಯುವ ವಾದ್ಯ. ಹಾಡಲು, ಲೀಡ್ ನುಡಿಸಲು ಜನ ಸಾಲುಗಟ್ಟುತ್ತಿದ್ದರು. ಬೇಸ್ ನುಡಿಸಲು ಮಾತ್ರ ಯಾರನ್ನಾದರೂ ಹಿಡಿದು ಕೂರಿಸಬೇಕಿತ್ತು. ಹಾಗೆ ಸಿಕ್ಕಿಬಿದ್ದವರಿಗೆ ಮೇಷ್ಟ್ರು ಮೊದಲು ಹೇಳುತ್ತಿದ್ದ ಹೆಸರು ಇಂಗ್ಲೆಂಡಿನ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿಯದಲ್ಲ, ಅದೇ ತಂಡಕ್ಕೆ ನಾಲ್ಕೇ ಸಂಜೆ ಬೇಸ್ ನುಡಿಸಿದ ಚಾಸ್ ನ್ಯೂಬಿಯದು. ಆ ಹೆಸರನ್ನೂ ಅದರ ಬೆನ್ನಿಗೆ ಬರುತ್ತಿದ್ದ ಪಾಠವನ್ನೂ ಈ ಸಂಚಿಕೆಯಲ್ಲಿ ಬರೆದಿಡುತ್ತಿದ್ದೇನೆ.

1960ರ ಆಗಸ್ಟ್‌ನಲ್ಲಿ ಬೀಟಲ್ಸ್ ಲಿವರ್‌ಪೂಲ್‌ನಿಂದ ಹ್ಯಾಂಬರ್ಗಿಗೆ ಹೋದಾಗ ಬೇಸ್ ಇದ್ದದ್ದು ಸ್ಟುವರ್ಟ್ ಸಟ್‌ಕ್ಲಿಫ್ ಕೈಯಲ್ಲಿ. ಆತ ಮೂಲತಃ ಚಿತ್ರಕಾರ, ಜಾನ್ ಲೆನನ್‌ನ ಕಲಾಶಾಲೆಯ ಗೆಳೆಯ. ಲಿವರ್‌ಪೂಲ್‌ನ ವಾಕರ್ ಗ್ಯಾಲರಿಯ ಪ್ರದರ್ಶನದಲ್ಲಿ ತನ್ನದೊಂದು ಚಿತ್ರ 65 ಪೌಂಡಿಗೆ ಹೋದ ಮೇಲೆ ಹಾಫ್ನರ್ ಕಂಪನಿಯ ಬೇಸ್ ಕೊಂಡು ತಂಡ ಸೇರಿದ್ದ. ನವೆಂಬರ್‌ನಲ್ಲಿ ಜಾರ್ಜ್ ಹ್ಯಾರಿಸನ್‌ಗೆ ಇನ್ನೂ ಹದಿನೆಂಟು ತುಂಬಿಲ್ಲವೆಂದು ಜರ್ಮನಿಯಿಂದ ಹೊರಗೆ ಕಳುಹಿಸಿದರು. ಸ್ವಲ್ಪ ದಿನಕ್ಕೇ ಪಾಲ್ ಮತ್ತು ಡ್ರಮ್ಸ್‌ನ ಪೀಟ್ ಬೆಸ್ಟ್ ಸರದಿ. ಸಟ್‌ಕ್ಲಿಫ್ ಮಾತ್ರ ಪ್ರೇಯಸಿ ಆಸ್ಟ್ರಿಡ್ ಕಿರ್ಷರ್ ಇದ್ದ ಹ್ಯಾಂಬರ್ಗಿನಲ್ಲೇ ಉಳಿದ. ಡಿಸೆಂಬರ್‌ನಲ್ಲಿ ಲಿವರ್‌ಪೂಲ್‌ನಲ್ಲಿ ಕಛೇರಿ ಒಪ್ಪಿಕೊಂಡ ತಂಡಕ್ಕೆ ಬೇಸ್ ಇಲ್ಲ.

ಪೀಟ್ ಬೆಸ್ಟ್ ತನ್ನ ಹಳೆಯ ತಂಡದ ನ್ಯೂಬಿಯನ್ನು ಕರೆದ. ಆತ ರಸಾಯನಶಾಸ್ತ್ರದ ವಿದ್ಯಾರ್ಥಿ, ಕ್ರಿಸ್‌ಮಸ್ ರಜೆಗೆ ಊರಿಗೆ ಬಂದವನು. ಗಿಟಾರ್ ಗೊತ್ತಿತ್ತು, ಬೇಸನ್ನು ಎರವಲು ತಂದ. ಒಟ್ಟು ನಾಲ್ಕು ಕಾರ್ಯಕ್ರಮ. ಅವುಗಳಲ್ಲೊಂದು ಡಿಸೆಂಬರ್ 27ರ ಲಿದರ್‌ಲ್ಯಾಂಡ್ ಟೌನ್ ಹಾಲ್‌ನದು. ಕುಣಿಯುತ್ತಿದ್ದ ಜನ ಕುಣಿತ ಬಿಟ್ಟು ವೇದಿಕೆಯತ್ತ ನುಗ್ಗಿದ್ದು ಅಲ್ಲೇ. ರಜೆ ಮುಗಿಯಿತು. ಮತ್ತೆ ಹ್ಯಾಂಬರ್ಗಿಗೆ ಬರುತ್ತೀಯಾ ಎಂದು ಲೆನನ್ ಕೇಳಿದಾಗ ನ್ಯೂಬಿ ಒಲ್ಲೆ ಎಂದು ಓದಿಗೆ ಮರಳಿದ. ಮುಂದೆ ಗಣಿತದ ಮೇಷ್ಟ್ರಾದ.

ಎರಡು ವಾರದಲ್ಲಿ ಒಬ್ಬ ಗಿಟಾರಿನವ ಬೇಸ್ ವಾದಕನಾಗುವುದು ಪವಾಡವೇನಲ್ಲ. ಆ ಕಾಲದ ರಾಕ್ ಅಂಡ್ ರೋಲ್‌ನ ಬಹುಪಾಲು ಹನ್ನೆರಡು ಬಾರ್‌ಗಳ (ನಾಲ್ಕು ಏಟಿಗೊಂದು ಬಾರ್) ಒಂದೇ ಆವರ್ತದ ಮೇಲೆ ನಿಂತಿದೆ. ಇ, ಎ, ಬಿ ಎಂಬವು ಪಾಶ್ಚಾತ್ಯ ಸ್ವರಗಳ ಹೆಸರು. ಇ ಶ್ರುತಿಯಲ್ಲಾದರೆ ಮೊದಲ ನಾಲ್ಕು ಬಾರ್ ಇ, ಮುಂದಿನ ಎರಡು ಎ, ಮತ್ತೆ ಎರಡು ಇ, ಒಂದು ಬಿ, ಒಂದು ಎ, ಕೊನೆಗೆ ಎರಡು ಇ. ಇ ಮತ್ತು ಎ ಎರಡೂ ಬೇಸಿನ ಖಾಲಿ ತಂತಿಗಳೇ. ಬಿ ಬೇಕಾದರೆ ಎ ತಂತಿಯ ಎರಡನೇ ಫ್ರೆಟ್ (ಕತ್ತಿನ ಮೇಲಿನ ಅಡ್ಡ ಪಟ್ಟಿ) ಒತ್ತಿದರೆ ಸಾಕು. ಎಡವುವುದು ಬೆರಳಲ್ಲ, ಎಣಿಕೆ. ಐದನೇ ಬಾರ್‌ನಲ್ಲಿ ಹೋಗಬೇಕಾದ ಎ ಸ್ವರಕ್ಕೆ ನಾಲ್ಕರಲ್ಲೇ ಹೋದರೆ ಹಾಡುವವನೇ ತಪ್ಪಿದಂತೆ ಕೇಳುತ್ತದೆ, ಏಕೆಂದರೆ ಕಿವಿ ಅತಿ ಕೆಳಗಿನ ಸ್ವರವನ್ನೇ ಆಧಾರವೆಂದು ಹಿಡಿಯುತ್ತದೆ. ಗಿಟಾರಿನವರು ತಪ್ಪಿದರೆ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಬೇಸ್ ತಪ್ಪಿದರೆ ಮನೆಯ ತಳಪಾಯವೇ ಸರಿದ ಹಾಗೆ. ಹೊಸಬರು ಮೊದಲ ವಾರ ಅಲಂಕಾರ ಬಿಟ್ಟು, ಬಾರ್‌ಗೆ ನಾಲ್ಕು ಏಟಿನಂತೆ ಆಧಾರ ಸ್ವರವನ್ನಷ್ಟೇ ಡ್ರಮ್‌ನ ಕಾಲೇಟಿಗೆ ಕೂಡಿಸಿ ನುಡಿಸಲಿ.

ನ್ಯೂಬಿ ಎಡಚ, ಮೆಕಾರ್ಟ್ನಿಯೂ ಎಡಚ. ನಮ್ಮ ಕೋಣೆಯಲ್ಲಿ ಹೆಚ್ಚು ತಕರಾರು ಹುಟ್ಟುತ್ತಿದ್ದದ್ದು ಇಲ್ಲೇ. ಬಲಗೈಯವರ ಬೇಸನ್ನು ಸುಮ್ಮನೆ ತಿರುಗಿಸಿ ಹಿಡಿದರೆ ದಪ್ಪ ತಂತಿ ಕೆಳಗೆ ಬರುತ್ತದೆ, ಕಲಿತದ್ದೆಲ್ಲ ತಲೆಕೆಳಗು. ತಂತಿಗಳನ್ನೇ ಅದಲುಬದಲು ಮಾಡಿದರೆ ಪೇಚು ನಟ್‌ನಲ್ಲಿ, ಅಂದರೆ ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯಲ್ಲಿ. ಇ ತಂತಿ ಸುಮಾರು 0.105 ಅಂಗುಲ ದಪ್ಪ, ಜಿ ತಂತಿ ಸುಮಾರು 0.045. ದಪ್ಪದ್ದು ಕಿರಿದಾದ ಗೀರಿನೊಳಗೆ ಇಳಿಯದೆ ಮೇಲೇ ನಿಲ್ಲುತ್ತದೆ. ಮೊದಲ ಫ್ರೆಟ್ ಒತ್ತಲು ಬಲ ಬೇಕು, ಸ್ವರವೂ ಏರುತ್ತದೆ. ತೆಳುವಾದದ್ದು ಅಗಲದ ಗೀರಿನಲ್ಲಿ ಆಳಕ್ಕಿಳಿದು ಅತ್ತಿತ್ತ ಜಾರಿ ಜರ್ರೆನ್ನುತ್ತದೆ. ಗೀರನ್ನು ಅರದಿಂದ ಉಜ್ಜಿ ದೊಡ್ಡದು ಮಾಡಿದರೆ ಆ ವಾದ್ಯ ಬಲಗೈಯವರ ಪಾಲಿಗೆ ಕೆಟ್ಟಂತೆ. ಎಡಗೈಗೆಂದೇ ಗೀರು ಕೊರೆದ ಬೇರೊಂದು ನಟ್ ಹಾಕುವುದು ಸರಿಯಾದ ದಾರಿ.

ಇನ್ನು ಬ್ರಿಜ್, ವೀಣೆಯವರ ಕುದುರೆ. ಪೊಳ್ಳು ಒಡಲಿನ ಬೇಸ್‌ಗಳಲ್ಲಿ ಅದನ್ನು ಮೊಳೆ ಹೊಡೆದು ಕೂರಿಸಿರುವುದಿಲ್ಲ, ತಂತಿಗಳ ಒತ್ತಡದಲ್ಲೇ ನಿಂತಿರುತ್ತದೆ. ನಾಲ್ಕೂ ತಂತಿ ಸಡಿಲಿಸಿದರೆ ಕುದುರೆ ಕೈಗೇ ಬರುತ್ತದೆ. ಮೊದಲೇ ಅದರ ಕಾಲಿನ ಸುತ್ತ ಟೇಪ್ ಅಂಟಿಸಿ ಗುರುತು ಮಾಡಿ. ದಪ್ಪ ತಂತಿಗೆ ಕೊಂಚ ಹೆಚ್ಚು ಉದ್ದ ಬೇಕಾದ್ದರಿಂದ ಕುದುರೆಯ ಓರೆಯನ್ನೂ ತಿರುಗಿಸಬೇಕು. ಹನ್ನೆರಡನೇ ಫ್ರೆಟ್‌ನ ಮೇಲೆ ತಂತಿಯನ್ನು ಹಗುರವಾಗಿ ಮುಟ್ಟಿ ಮೀಟಿ, ಆಮೇಲೆ ಒತ್ತಿ ಮೀಟಿ. ಒತ್ತಿದ್ದು ಏರಿ ಕೇಳಿದರೆ ಕುದುರೆಯನ್ನು ಕತ್ತಿನಿಂದ ಕೂದಲೆಳೆಯಷ್ಟು ದೂರ ಸರಿಸಿ, ಇಳಿದಿದ್ದರೆ ಹತ್ತಿರ ತನ್ನಿ.

ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗಿನಲ್ಲಿ ಪಿಟೀಲಿನಾಕಾರದ ಹಾಫ್ನರ್ ಕೊಂಡದ್ದಕ್ಕೆ ಒಂದು ಕಾರಣ ಈ ಎಡಗೈಯೇ: ಎರಡೂ ಕಡೆ ಸಮನಾದ ಒಡಲು ಎಡಕ್ಕೆ ಹಿಡಿದರೂ ಅಂದಗೆಡುವುದಿಲ್ಲ. ಆ ವರ್ಷದ ಬೇಸಿಗೆ ಕಾಲಕ್ಕೆ ಸಟ್‌ಕ್ಲಿಫ್ ತಂಡ ಬಿಟ್ಟು ಹ್ಯಾಂಬರ್ಗಿನ ಕಲಾಶಾಲೆಯಲ್ಲಿ ಶಿಲ್ಪಿ ಎಡ್ವಾರ್ಡೊ ಪಾವೊಲೊಟ್ಸಿ ಬಳಿ ಕಲಿಯತೊಡಗಿದ್ದ. ಸಟ್‌ಕ್ಲಿಫ್‌ಗೆ ನುಡಿಸಲು ಬರುತ್ತಲೇ ಇರಲಿಲ್ಲವೆಂಬ ಮಾತು ಬಹಳ ಓಡಾಡುತ್ತದೆ. ಅಷ್ಟು ಕಡೆಗಣಿಸುವಂತಿಲ್ಲ, ಸ್ವತಃ ಬೇಸ್ ವಾದಕನಾದ ಕ್ಲಾಸ್ ಫೋರ್ಮನ್ ಆತನ ನುಡಿಸಾಣಿಕೆಯನ್ನು ಮೆಚ್ಚಿದ್ದಾನೆ. 1962ರ ಏಪ್ರಿಲ್ 10ರಂದು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡಾಗ ಸಟ್‌ಕ್ಲಿಫ್‌ಗೆ ಇಪ್ಪತ್ತೊಂದು ವರ್ಷ. ಬೀಟಲ್ಸ್‌ನ ‘ಲವ್ ಮಿ ಡು’ ಹಾಡು ಹೊರಬಂದದ್ದು ಅದೇ ವರ್ಷದ ಅಕ್ಟೋಬರ್ 5ರಂದು.

ನ್ಯೂಬಿ ಪಾಠ ಹೇಳುವುದನ್ನು ಮುಗಿಸಿ, ವಯಸ್ಸಾದ ಮೇಲೆ ಮತ್ತೆ ಬೇಸ್ ಹಿಡಿದ. ಬೀಟಲ್ಸ್‌ನ ಮೂಲವಾದ ಕ್ವಾರಿಮೆನ್ ತಂಡದಲ್ಲಿ. 2023ರ ಮೇ ತಿಂಗಳಲ್ಲಿ ತೀರಿಕೊಂಡ.

ಈಗ ಆ ಕೋಣೆಯಲ್ಲಿರುವ ಎಡಚರಿಗೆ ಒಂದು ಮಾತು: ನಟ್ ಬದಲಿಸಿದರೆ ತೆಗೆದದ್ದನ್ನು ಚೀಟಿ ಹಚ್ಚಿ ಪೆಟ್ಟಿಗೆಯೊಳಗೇ ಇಡಿ. ಮುಂದಿನ ವರ್ಷ ಹಿಡಿಯುವವರು ಬಲಗೈಯವರಿರಬಹುದು.