ಅಜ್ಜಿ ಕಾಯ್ತಾಳೆ

ಹೋದ ಗುರುವಾರ ಮಧ್ಯಾಹ್ನ ಮೊಮ್ಮಗ ಒಂದು ಮಾತು ಅಂದ. ಆರು ವರ್ಷದ ಹುಡುಗ, ಬಾಯಿಗೆ ಬಂದದ್ದು ಅಂದಿರುತ್ತಾನೆ ಅಂತ ಬಿಟ್ಟುಬಿಡಬಹುದಿತ್ತು. ನನ್ನಿಂದ ಆಗಲಿಲ್ಲ. ಅವತ್ತು ರಾತ್ರಿ ನಿದ್ದೆಯೂ ಬರಲಿಲ್ಲ.

ಅವನು ಶಾಲೆಯಿಂದ ಬರುವ ಹೊತ್ತು. ಎಂದಿನಂತೆ ಮನೆ ಮುಂದೆ ನಿಂತಿದ್ದೆ. ಎದುರುಮನೆ ಅಜ್ಜಿ ಉದ್ದ ಹಿಡಿಯ ಪೊರಕೆಯಲ್ಲಿ ಗಿಂಕೋ ಮರದ ಎಲೆ ಗುಡಿಸುತ್ತಿದ್ದರು. ನವೆಂಬರ್ ಕೊನೆ ಬಂತೆಂದರೆ ಟೋಕಿಯೋದ ಈ ಮರಗಳು ಅರಿಶಿನ ಬಳಿದುಕೊಂಡಂತೆ ಆಗುತ್ತವೆ. ಸ್ವಲ್ಪ ಗಾಳಿ ಬೀಸಿದರೂ ರಸ್ತೆ ತುಂಬಾ ಎಲೆ. ಅಜ್ಜಿ ಅದನ್ನು ಗುಡ್ಡೆ ಮಾಡಿ, ಎರಡು ಕೈಯಲ್ಲಿ ಬಾಚಿ ಚೀಲಕ್ಕೆ ಹಾಕಿ, ಮೊಣಕೈಯಿಂದ ಅದುಮಿ, ಮತ್ತೆ ತುಂಬುತ್ತಾರೆ. ಅವರಿಗೆ 81 ವರ್ಷ.

ಪುಟ್ಟ ಬಂದ. ತಲೆ ಮೇಲೆ ಹಳದಿ ಟೋಪಿ, ಬೆನ್ನ ಮೇಲೆ ಅವನಿಗಿಂತ ದೊಡ್ಡದಾಗಿ ಕಾಣುವ ಚೀಲ, ಅದಕ್ಕೂ ಹಳದಿ ಕವರು. ಒಂದನೇ ಕ್ಲಾಸಿನ ಮಕ್ಕಳಿಗೆ ಇಲ್ಲಿ ಹೀಗೆ ಹಳದಿ ಹಾಕಿಸುತ್ತಾರೆ, ವಾಹನದವರಿಗೆ ದೂರದಿಂದಲೇ ಕಾಣಲಿ ಅಂತ. ಅಜ್ಜಿ ನನ್ನ ಕಡೆ ನೋಡಿಕೊಂಡು ಅವನನ್ನು ಏನೋ ಕೇಳಿದರು. ಅವನು ತಟ್ಟನೆ ಉತ್ತರ ಕೊಟ್ಟ. ಅಜ್ಜಿ ಪೊರಕೆ ನಿಲ್ಲಿಸಿದರು. ನನ್ನ ಕಡೆ ತಿರುಗಿ, ಸೊಂಟ ಬಗ್ಗಿಸಿ ಒಂದು ನಮಸ್ಕಾರ ಮಾಡಿದರು. ನನಗೆ ಏನೂ ತಿಳಿಯದೆ ನಾನೂ ಬಗ್ಗಿದೆ.

ಒಳಗೆ ಬಂದ ಮೇಲೆ ಕೇಳಿದೆ. "ಅವರು ಏನು ಕೇಳಿದ್ರೋ ಪುಟ್ಟ?"

"ನಿಮ್ಮಜ್ಜಿ ಏನು ಕೆಲಸ ಮಾಡ್ತಾರೆ ಅಂತ."

"ನೀನು ಏನಂದೆ?"

"ಅಜ್ಜಿ ಕಾಯ್ತಾಳೆ ಅಂದೆ."

ಇಷ್ಟೇ. ಅಂದು ಹಾಲು ಕುಡಿಯೋಕೆ ಹೋದ.

ನಾನು 35 ವರ್ಷ ಮೇಷ್ಟ್ರ ಕೆಲಸ ಮಾಡಿದವಳು. ಅರಸೀಕೆರೆ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ, ಬಾಣಾವರದ ಕಡೆಯ ಹಳ್ಳಿಗಳಲ್ಲಿ, ಎಷ್ಟು ಮಕ್ಕಳ ಕೈ ಹಿಡಿದು ಅ ಆ ಇ ಈ ತಿದ್ದಿಸಿದ್ದೀನೋ ಲೆಕ್ಕ ಇಟ್ಟಿಲ್ಲ. 2019ರಲ್ಲಿ ರಿಟೈರ್ ಆದೆ. ಬೀಳ್ಕೊಡುಗೆ ದಿನ ಹಾರ, ಶಾಲು, ಹಣ್ಣಿನ ತಟ್ಟೆ ಎಲ್ಲ ಕೊಟ್ಟರು. "ಇನ್ನಾದ್ರೂ ಆರಾಮಾಗಿ ಕೂತ್ಕೊಳ್ಳಿ ಮೇಡಂ" ಅಂತ ಎಲ್ಲರೂ ಅಂದರು. ಆಮೇಲೆ ನಮ್ಮವರು ತೀರಿಕೊಂಡರು. ಮಗ ಇಲ್ಲಿಗೆ ಕರೆಸಿಕೊಂಡ. ಇಷ್ಟೆಲ್ಲ ಆಗಿ, ನನ್ನ ಮೊಮ್ಮಗನ ಕಣ್ಣಿಗೆ ನಾನು ಕಾಯುವವಳು. ಮನಸ್ಸಿಗೆ ಚುಚ್ಚಿತು.

ನಾವಿರುವುದು ಟೋಕಿಯೋದ ಎದೊಗಾವಾ ಅನ್ನುವ ಭಾಗದಲ್ಲಿ, ನಿಶಿ ಕಸಾಯಿ ಸ್ಟೇಷನ್ನಿಗೆ ಹತ್ತಿರ. ಇಲ್ಲಿ ನಮ್ಮ ದೇಶದವರು ಜಾಸ್ತಿ. ರಾಗಿಹಿಟ್ಟು, ಸಾರಿನ ಪುಡಿ, ಕರಿಬೇವು ಎಲ್ಲ ಸಿಗುತ್ತದೆ. ತೋಜಾಯಿ ಲೈನಿನ ರೈಲು ಮೇಲ್ಸೇತುವೆ ಮೇಲೆ ಓಡುವ ಸದ್ದು ಅಡುಗೆಮನೆಗೆ ಕೇಳುತ್ತದೆ. ಅರಸೀಕೆರೆ ಜಂಕ್ಷನ್ನಿನ ಹತ್ತಿರವೇ ಬಾಳಿದ ನನಗೆ ಅದೊಂದು ಸಮಾಧಾನ. ಆದರೆ ಮಾತು ಬರೋದಿಲ್ಲ. ಮಾತೇ ಬರದ ಊರಲ್ಲಿ ಮೇಷ್ಟ್ರಾಗಿದ್ದವಳಿಗೆ ಏನು ಉಳಿಯುತ್ತೆ ಹೇಳಿ?

ಬಂದ ಹೊಸದರಲ್ಲಿ ಪುಟ್ಟ ಆಟ ಆಡುವಾಗ "ಮತ್ತೆ! ಮತ್ತೆ!" ಅಂತ ಕೂಗುತ್ತಿದ್ದ. ಮುಂದೇನು ಅಂತ ಕನ್ನಡದಲ್ಲಿ ಕೇಳ್ತಿದ್ದಾನೆ ಅಂದುಕೊಂಡು ನಾನು ಕಥೆ ಮುಂದುವರಿಸುತ್ತಿದ್ದೆ. 'ತಡಿ, ಕಾಯಿ' ಅನ್ನೋದಕ್ಕೆ ಇವರು 'ಮತ್ತೆ' ಅನ್ನುತ್ತಾರೆ ಅಂತ ಆಮೇಲೆ ಸೊಸೆ ಹೇಳಿದಳು. ನಾನು ಕಿವಿಯಿಂದಲೇ ಕಲಿತ ಮೊದಲ ಜಪಾನಿ ಪದ ಅದು.

ಇನ್ನೊಂದು ಪದ ನನ್ನನ್ನು ಅಳಿಸಿಬಿಟ್ಟಿತ್ತು. ಮನೆಯಿಂದ ಹೊರಡುವಾಗ ಇಲ್ಲಿ ಎಲ್ಲರೂ ತಪ್ಪದೆ "ಇತ್ತೆಕಿಮಾಸ್" ಅನ್ನುತ್ತಾರೆ. ಹಾಗಂದ್ರೇನು ಅಂತ ಮಗನನ್ನು ಕೇಳಿದೆ. "ಹೋಗಿ ಬರ್ತೀನಿ ಅಂತ ಅಮ್ಮ" ಅಂದ. ಸುಮ್ನೆ ಹೋಗ್ತೀನಿ ಅಂತಲ್ಲ, ಹೋಗಿ ಬರ್ತೀನಿ ಅಂತ. ಮನೆಯಲ್ಲಿ ಉಳಿದವರು "ಇತ್ತೆರಾಶಾಯ್" ಅನ್ನಬೇಕು, ಹೋಗಿ ಬಾ ಅಂತ. 'ಹೋಗ್ತೀನಿ ಅನ್ನಬಾರದು, ಹೋಗ್ಬರ್ತೀನಿ ಅನ್ನಬೇಕು' ಅಂತ ನಮ್ಮ ಅತ್ತೆ ನನ್ನ ಮಗನ ಬಾಯಲ್ಲಿ ಎಷ್ಟು ಸಲ ಹೇಳಿಸಿಲ್ಲ! ಅದೇ ಮಾತು ಸಮುದ್ರ ದಾಟಿ ಇಲ್ಲೂ ಇದೆ. ತಿರುಗಿ ಬಂದಾಗ ಮಗು "ತದಾಯಿಮಾ" ಅಂದರೆ ಒಳಗಿನವರು "ಒಕಾಯೆರಿ" ಅನ್ನುತ್ತಾರೆ. ನನಗೆ ಅದು ಬಾಯಿಗೆ ಬರೋದಿಲ್ಲ. ನಾನು "ಬಂದ್ಯಾ?" ಅಂತೀನಿ. ಅದೇ ಅಲ್ವಾ?

ಎದುರುಮನೆ ಅಜ್ಜಿ ಪರಿಚಯ ಆದದ್ದು ಬೇಸಿಗೆಯಲ್ಲಿ. ಇಲ್ಲಿ ಆಗಸ್ಟ್ ಸೆಕೆ ತಡೆಯೋಕಾಗಲ್ಲ. ಸಂಜೆ ಅವರು ಬಕೆಟ್ಟಿನಲ್ಲಿ ನೀರು ತಂದು, ಉದ್ದ ಹಿಡಿಯ ಸೌಟಿನಂಥದ್ದರಲ್ಲಿ ಮೊಗೆದು ಮನೆ ಮುಂದೆ ಎರಚುತ್ತಿದ್ದರು. ನೆಲ ತಂಪಾಗಲಿ ಅಂತ ಇವರು ಮಾಡುವ ಹಳೇ ಪದ್ಧತಿ, ಉಚಿಮಿಜು ಅನ್ನುತ್ತಾರೆ. ನನಗೆ ನಮ್ಮ ಅಂಗಳವೇ ಕಂಡಂತಾಯಿತು. ಕಾದ ನೆಲಕ್ಕೆ ನೀರು ಬಿದ್ದ ವಾಸನೆ ಎಲ್ಲ ಕಡೆ ಒಂದೇ. ನಾನು ನಿಂತು ನೋಡ್ತಾ ಇದ್ದದ್ದನ್ನು ಕಂಡು ಸೌಟು ನನ್ನ ಕೈಗೆ ಕೊಟ್ಟರು. ನಾನು ಸೌಟು ಬಿಟ್ಟು ಕೈಯಲ್ಲೇ ನೀರು ತಗೊಂಡು ಬೆರಳ ಸಂದಿಯಿಂದ ಚಿಮುಕಿಸಿದೆ, ನಮ್ಮಲ್ಲಿ ಹಾಕುವ ಹಾಗೆ. ಅವರು ನನ್ನ ಕೈ ಹಿಡಿದು ತಿರುಗಿಸಿ ನೋಡಿದರು, ಆಮೇಲೆ ತಾವೂ ಹಾಗೇ ಮಾಡಿದರು. ಅವತ್ತಿನಿಂದ ಇಬ್ಬರಿಗೂ ದಿನಾ ಮಾತು, ಭಾಷೆ ಇಲ್ಲದ ಮಾತು.

ಅವರ ದಿನ ನೋಡಿದರೆ ನನಗೆ ನಾಚಿಕೆ ಆಗುತ್ತಿತ್ತು. ಬೆಳಗ್ಗೆ ಆರೂವರೆಗೆ ಪಾರ್ಕಿನಲ್ಲಿ ರೇಡಿಯೋ ಹಾಕಿಕೊಂಡು ವಯಸ್ಸಾದವರೆಲ್ಲ ವ್ಯಾಯಾಮ ಮಾಡುತ್ತಾರೆ. 1928ರಿಂದ ನಡೆದು ಬಂದ ರೂಢಿಯಂತೆ. ಅಲ್ಲಿಂದ ಬಂದು ಶಾಲೆಗೆ ಹೋಗುವ ಮಕ್ಕಳಿಗೆ ರಸ್ತೆ ದಾಟಿಸೋಕೆ ಹಳದಿ ಬಾವುಟ ಹಿಡಿದು ಮೂಲೆಯಲ್ಲಿ ನಿಲ್ಲುತ್ತಾರೆ. ಇಲ್ಲಿ ಒಂದನೇ ಕ್ಲಾಸಿನ ಮಗುವೂ ತಾನೇ ನಡೆದು ಹೋಗಬೇಕು. ಏಪ್ರಿಲ್‌ನಲ್ಲಿ ಶಾಲೆ ಶುರುವಾದಾಗ ನಾನು ಕರಕೊಂಡು ಹೋಗ್ತೀನಿ ಅಂದರೆ ಮಗ ಬೇಡ ಅಂದುಬಿಟ್ಟ. ಮೊದಲ ವಾರ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ಆ ಮೂಲೆಯಲ್ಲಿ ಇವರು ನಿಂತಿದ್ದಾರೆ ಅನ್ನೋದೇ ಧೈರ್ಯ.

ಇವರಿಗೆ ವಾರದಲ್ಲಿ ಮೂರು ದಿನ ಪಾರ್ಕ್ ಗುಡಿಸುವ ಕೆಲಸವೂ ಇದೆ, ಅದಕ್ಕೆ ಹಣ ಕೊಡುತ್ತಾರೆ. 60 ದಾಟಿದವರಿಗೆ ಅವರ ಶಕ್ತಿಗೆ ತಕ್ಕ ಕೆಲಸ ಹುಡುಕಿಕೊಡುವ ಕೇಂದ್ರಗಳು ಜಪಾನಿನ ಎಲ್ಲ ಕಡೆ ಇವೆ. ಅದು ಮೊದಲು ಶುರುವಾದದ್ದು ನಮ್ಮ ಈ ಎದೊಗಾವಾದಲ್ಲೇ, 1975ರಲ್ಲಿ. ಇಲ್ಲಿ ವಯಸ್ಸಾದವರು ಅನ್ನೋದಕ್ಕೆ ಆಫೀಸಿನ ಕಾಗದದಲ್ಲಿ 'ಜುಕುನೆನ್' ಅಂತ ಬರೆಯುತ್ತಾರೆ. ಮಾಗಿದ ವಯಸ್ಸು ಅಂತ ಅರ್ಥ. ನಾವೂ ಹಣ್ಣಾದ ಜೀವ ಅಂತೀವಿ. ಆದರೆ ನಾವು ಆ ಹಣ್ಣನ್ನು ದೇವರ ಮುಂದೆ ಇಟ್ಟ ಹಾಗೆ ಕುರ್ಚಿಯಲ್ಲಿ ಕೂರಿಸಿಬಿಡುತ್ತೇವೆ. ಕಾಲಿಗೆ ಬೀಳುತ್ತೇವೆ, ಏನೂ ಕೇಳೋದಿಲ್ಲ. ಊರಲ್ಲಿ ನಾನು ಒಂದು ಬಿಂದಿಗೆ ಎತ್ತಿದರೂ "ಬಿಡಿ ಮೇಡಂ, ನಿಮಗ್ಯಾಕೆ" ಅಂತ ಯಾರಾದರೂ ಓಡಿ ಬರುತ್ತಿದ್ದರು. ಆ ಪ್ರೀತಿ ಸುಳ್ಳಲ್ಲ. ಆದರೆ ದಿನಾ ಅದನ್ನೇ ಕೇಳ್ತಾ ಕೇಳ್ತಾ ನನ್ನ ಕೈಯೇ ನನಗೆ ಬೇಡವಾಗಿತ್ತು.

ಹಾಗಂತ ಇಲ್ಲಿ ಎಲ್ಲ ಚೆನ್ನಾಗಿದೆ ಅಂತಲೂ ಹೇಳಲಾರೆ. ಈ ಅಜ್ಜಿ ಒಬ್ಬರೇ ಇರುವುದು. ಮಗಳು ಒಸಾಕಾದಲ್ಲಿ, ಭಾನುವಾರ ಫೋನ್ ಮಾಡುತ್ತಾಳೆ. ಪಾರ್ಕಿನಿಂದ ಬಂದು ಬಾಗಿಲು ತೆಗೆಯುವಾಗ ಇವರು ಖಾಲಿ ಮನೆಗೆ "ತದಾಯಿಮಾ" ಅಂತ ಹೇಳುವುದನ್ನು ನಾನು ಒಂದು ದಿನ ಕೇಳಿಸಿಕೊಂಡೆ. ಒಳಗಿನಿಂದ ಉತ್ತರ ಬರಲಿಲ್ಲ.

ಗುರುವಾರ ರಾತ್ರಿ ನಿದ್ದೆ ಬಾರದೆ ಹೊರಳಾಡುವಾಗ ನೆನಪಾದದ್ದು ಮಾತ್ರ ಇದು ಯಾವುದೂ ಅಲ್ಲ. 2011ರ ಫೆಬ್ರುವರಿ ನೆನಪಾಯಿತು.

ಅವತ್ತು ಜನಗಣತಿ ಡ್ಯೂಟಿ ನಮಗೆ ಮೇಷ್ಟ್ರುಗಳಿಗೆ. ಹೆಗಲಿಗೆ ಚೀಲ, ಕೈಯಲ್ಲಿ ದೊಡ್ಡ ಫಾರಂ, ಮನೆ ಮನೆ ಸುತ್ತಿದ್ದೆ. ಹೆಸರು, ವಯಸ್ಸು, ಓದು ಎಲ್ಲ ಕೇಳಿ ಕೊನೆಗೆ ಕೆಲಸದ ಪ್ರಶ್ನೆ. ದುಡಿಯುವವರು ಅಂತ ಬರೆಯಲಾಗದವರಿಗೆ ಬೇರೆ ಪಟ್ಟಿ ಇತ್ತು. ವಿದ್ಯಾರ್ಥಿ, ಮನೆಗೆಲಸ, ಅವಲಂಬಿತರು, ಪಿಂಚಣಿದಾರರು ಹೀಗೆ. ಭಿಕ್ಷುಕರು ಅನ್ನೋದೂ ಅದೇ ಪಟ್ಟಿಯಲ್ಲಿ. ಮನೆಮನೆಯಲ್ಲೂ ಒಬ್ಬೊಬ್ಬ ಅಜ್ಜಿ ಜಗಲಿಯ ಮೇಲೆ ಕೂತು, ಮಗು ಆಡಿಸುತ್ತಲೋ ಹುಣಿಸೆ ಬಿಡಿಸುತ್ತಲೋ ಇರುತ್ತಿದ್ದರು. "ನಂದೇನವ್ವ ಕೆಲ್ಸ, ಸುಮ್ನೆ ಕೂತಿರ್ತೀನಿ" ಅನ್ನುತ್ತಿದ್ದರು. ನಾನು ಅವಲಂಬಿತರು ಅಂತ 3 ಬರೆದು ಮುಂದಿನ ಮನೆಗೆ ಹೋಗುತ್ತಿದ್ದೆ.

ನಮ್ಮ ಬೀದಿಯೂ ನನ್ನ ಪಾಲಿಗೇ ಬಂದಿತ್ತು. ನಮ್ಮ ಅತ್ತೆಯ ಮುಂದೆ ಫಾರಂ ಇಟ್ಟುಕೊಂಡು ಏನೂ ಕೇಳದೆ 3 ಬರೆದೆ.

ಅತ್ತೆ ಸುಮ್ನೆ ಕೂತಿದ್ದರಾ? ನನ್ನ ಮಗ ಆರು ತಿಂಗಳ ಕೂಸಾಗಿದ್ದಾಗ ಅವರ ಸೊಂಟದ ಮೇಲೆ ಬಿಟ್ಟು ನಾನು ಬಸ್ಸು ಹತ್ತಿದವಳು. ಸಂಜೆ ಬಾಣಾವರದ ಬಸ್ಸು ಬರೋದು ತಡವಾದರೆ ಅತ್ತೆ ಜಗಲಿ ಬಿಟ್ಟು ಏಳುತ್ತಿರಲಿಲ್ಲ. ಒಂದು ಕಾಲು ಚಾಚಿ, ಕಂಬಕ್ಕೆ ಒರಗಿ, ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಬೀದಿ ತುದಿ ನೋಡುತ್ತಿದ್ದರು. ನಾನು ಕಂಡ ಕೂಡಲೇ "ಬಂದ್ಯಾ?" ಅಂದು ಎದ್ದು ಕಾಫಿಗೆ ನೀರಿಡೋಕೆ ಹೋಗುತ್ತಿದ್ದರು. ನಾನು ಒಂದು ಸಲವಾದರೂ ನೆಟ್ಟಗೆ ಉತ್ತರ ಕೊಟ್ಟಿಲ್ಲ. "ಯಾಕತ್ತೆ ಹಿಂಗೆ ಕಾಯ್ತೀರಾ, ಊಟ ಮಾಡಿ ಮಲಗಬಾರದಾ" ಅಂತ ರೇಗಿದ್ದೇನೆ. ಅವರು ಕಾಯುತ್ತಾರೆ ಅನ್ನುವ ಧೈರ್ಯದ ಮೇಲೆ ನನ್ನ 35 ವರ್ಷ ನಿಂತಿತ್ತು ಅಂತ ಒಂದು ದಿನವೂ ಅವರಿಗೆ ಹೇಳಲಿಲ್ಲ. ಈಗ ಹೇಳೋಕೆ ಅವರಿಲ್ಲ.

ಶುಕ್ರವಾರ ಬೆಳಗ್ಗೆ ಮಗನಿಗೆ ಇದನ್ನೆಲ್ಲ ಹೇಳಿದೆ. ಅವನು ಏನೂ ಮಾತಾಡದೆ ಒಳಗೆ ಹೋಗಿ ನನ್ನ ಪಾಸ್‌ಪೋರ್ಟ್ ತಂದ. ಅದರಲ್ಲಿ ಅಂಟಿಸಿದ ಒಂದು ಚೀಟಿ ತೋರಿಸಿದ. ಇಲ್ಲಿನ ಸರ್ಕಾರ ವಯಸ್ಸಾದ ತಂದೆತಾಯಿಗೆ ಸುಲಭವಾಗಿ ಇರೋಕೆ ಬಿಡೋದಿಲ್ಲ. ಮಗನಂಥ ವಿಶೇಷ ಪರಿಣತರ ವೀಸಾ ಇದ್ದವರು, ಮನೆಯ ವರಮಾನ ವರ್ಷಕ್ಕೆ 80 ಲಕ್ಷ ಯೆನ್ ಇದ್ದು, 7 ವರ್ಷದೊಳಗಿನ ಮಗು ಇದ್ದರೆ, ಗಂಡನ ಕಡೆಯವರನ್ನೋ ಹೆಂಡತಿ ಕಡೆಯವರನ್ನೋ, ಒಂದು ಕಡೆಯವರನ್ನು ಕರೆಸಿಕೊಳ್ಳಬಹುದು. ನಾನು ಬಂದದ್ದರಿಂದ ಸೊಸೆಯ ಅಪ್ಪ ಅಮ್ಮ ಬರುವ ಹಾಗಿಲ್ಲ. ಅದನ್ನು ಆ ಹುಡುಗಿ ಒಂದು ದಿನವೂ ಎತ್ತಿ ಆಡಿಲ್ಲ. "ನೋಡಮ್ಮ, ನೀನು ಇಲ್ಲಿ ಏನು ಮಾಡ್ತೀಯ ಅಂತ ಇದರಲ್ಲಿ ಬರೆದಿದ್ದಾರೆ" ಅಂದ ಮಗ. "ಮಗುವನ್ನ ನೋಡಿಕೊಳ್ಳೋಕೆ ಅಂತ."

ಒಂದು ದೇಶ ಅದನ್ನು ಕಾಗದದ ಮೇಲೆ ಬರೆದಿದೆ. ನಾನು ನಮ್ಮ ಅತ್ತೆಗೆ 3 ಬರೆದೆ.

ಆಮೇಲೆ ಅವನೇ ಎದುರುಮನೆ ಅಜ್ಜಿಯ ಹತ್ತಿರ ಹೋಗಿ, ಅವತ್ತು ನಮಸ್ಕಾರ ಯಾಕೆ ಮಾಡಿದ್ದು ಅಂತ ಕೇಳಿ ಬಂದ. ಕಾಯೋದು ದೊಡ್ಡ ಕೆಲಸ, ತನ್ನ ಮಗಳು ಚಿಕ್ಕವಳಿದ್ದಾಗ ತನಗೆ ಅದು ಆಗಲಿಲ್ಲ, ಅಂಗಡಿ ನೋಡಿಕೊಳ್ಳಬೇಕಿತ್ತು ಅಂದರಂತೆ.

ಬರುವ ಫೆಬ್ರುವರಿಗೆ ಪುಟ್ಟನಿಗೆ 7 ತುಂಬುತ್ತದೆ. ಅಲ್ಲಿಗೆ ನಾನಿಲ್ಲಿ ಇರೋದಕ್ಕೆ ಕಾರಣ ಮುಗಿಯುತ್ತದೆ. ಆಮೇಲೆ ಬರಬೇಕೆಂದರೆ 90 ದಿನದ ಪ್ರವಾಸಿಯಾಗಿ. ಅವನ ಹುಟ್ಟುಹಬ್ಬಕ್ಕೆ ಏನು ಮಾಡಲಿ ಅಂತ ಸೊಸೆ ಕೇಳಿದಾಗೆಲ್ಲ ನಾನು ಬೇರೆ ಮಾತು ಎತ್ತುತ್ತೇನೆ. ನಿನ್ನೆ ರಾತ್ರಿ ಮಲಗಿಸುವಾಗ ಅವನಿಗೆ ಹೇಳಿದೆ, ಅಜ್ಜಿ ಊರಿಗೆ ಹೋಗಬೇಕು ಕಣೋ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ.

"ಅಲ್ಲಿ ನೀನು ಯಾರಿಗೆ ಕಾಯ್ತೀಯ ಅಜ್ಜಿ?"

ನನಗೆ ಏನೂ ಹೊಳೆಯಲಿಲ್ಲ. ಬೆನ್ನು ತಟ್ಟುತ್ತಾ ಕೂತೆ. ಅವನು ನಿದ್ದೆ ಹೋದ.

ಎರಡೂಮುಕ್ಕಾಲು ಆಯಿತು. ಎದುರುಮನೆ ಅಜ್ಜಿಯ ಪೊರಕೆ ಸದ್ದು ಆಗಲೇ ಕೇಳ್ತಿದೆ. ಸ್ವೆಟರ್ ಹಾಕಿಕೊಂಡು ಹೊರಗೆ ಹೋಗಬೇಕು.