ಕೇಳಿದ್ದು ಹತ್ತನ್ನು, ಉತ್ತರ ಕೊಟ್ಟಿದ್ದು ಎಂಟು

ವೈರ್ ಕಿತ್ತು ಪಕ್ಕಕ್ಕಿಟ್ಟಿದ್ದ ಒಂದು ನೆಟ್‌ವರ್ಕ್ ಸ್ವಿಚ್ (ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ) ನಮ್ಮ ಪರದೆಯ ಮೇಲೆ ಹಸಿರಾಗಿಯೇ ಇತ್ತು. ಅದರ ವಿಳಾಸ 192.168.1.10. ನೆಟ್‌ವರ್ಕ್‌ನ ಸಾಧನಗಳು ಬದುಕಿವೆಯಾ ಅಂತ ನೋಡಿಕೊಳ್ಳುವ ಪೈಥಾನ್ ಭಾಷೆಯ ಪ್ರೋಗ್ರಾಂ ಒಂದು ಆ ಪರದೆಯನ್ನು ನಡೆಸುತ್ತದೆ. ಒಂದೊಂದಕ್ಕೂ ಸಾಕೆಟ್ (ಇನ್ನೊಂದು ಸಾಧನದ ಜೊತೆ ಮಾತಾಡುವ ದಾರಿ) ತೆರೆದು ಕನೆಕ್ಟ್ ಮಾಡಿ ನೋಡುತ್ತದೆ. ಸಿಕ್ಕರೆ ಹಸಿರು, ಸಿಗದಿದ್ದರೆ ಕೆಂಪು. ಇಷ್ಟು ಸರಳವಾದ ಕೆಲಸದಲ್ಲಿ, ಕರೆಂಟೇ ಇಲ್ಲದ ಪೆಟ್ಟಿಗೆ ಉತ್ತರ ಕೊಡೋದು ಹೇಗೆ?

ಹಳೆಯ ಫಲಿತಾಂಶ ಎಲ್ಲೋ ಉಳಿದುಕೊಂಡಿರಬೇಕು ಅಂದುಕೊಂಡು ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರು ಮಾಡಿದೆ. ಆಗಲೂ ಹಸಿರು. ಆಮೇಲೆ ಒಂದು ಕಿಟಕಿಯಲ್ಲಿ ಪ್ರೋಗ್ರಾಂ ತಾನು ಮಾಡಿದ್ದನ್ನು ಬರೆದಿಡುವ ಲಾಗ್, ಪಕ್ಕದ ಕಿಟಕಿಯಲ್ಲಿ ತಂತಿಯಲ್ಲಿ ಹೋಗುವ ಪ್ಯಾಕೆಟ್‌ಗಳನ್ನು, ಅಂದರೆ ಡೇಟಾದ ತುಣುಕುಗಳನ್ನು, ತೋರಿಸುವ ಟಿಸಿಪಿಡಂಪ್ ಇಟ್ಟುಕೊಂಡು ಕೂತೆ. ಲಾಗ್ ಹೇಳಿತು: 192.168.1.10ಕ್ಕೆ ಕನೆಕ್ಟ್ ಆಯಿತು. ಅದೇ ಗಳಿಗೆಯಲ್ಲಿ ಹೊರಟ ಪ್ಯಾಕೆಟ್ ಮೇಲಿದ್ದ ವಿಳಾಸ 192.168.1.8. ಪ್ರೋಗ್ರಾಂ ಹತ್ತು ಅನ್ನುತ್ತಿದೆ, ತಂತಿ ಎಂಟು ಅನ್ನುತ್ತಿದೆ. ತಂತಿ ಸುಳ್ಳು ಹೇಳಲ್ಲ.

ಹಾಗಾದರೆ ಎಂಟನೇ ಸಾಧನದ ಕಥೆ ಏನು ಅಂತ ನೋಡಿದರೆ, ಅದು ಚೆನ್ನಾಗಿ ನಡೆಯುತ್ತಿದ್ದರೂ ಪರದೆಯಲ್ಲಿ ಕೆಂಪು. ಅದರ ಮುಂದಿದ್ದ ದೋಷದ ಸಾಲು, ಆ ಹೆಸರು ಗೊತ್ತಿಲ್ಲ ಅಂತ. ನಾವು ಕೊಟ್ಟಿದ್ದು ಅಂಕಿಗಳನ್ನು, ಹೆಸರು ಕೇಳಿದವರು ಯಾರು? ನನಗೆ ಸುಳಿವು ಸಿಕ್ಕಿದ್ದು ಆ ಸಾಲಿನಲ್ಲೇ.

ಸಾಧನಗಳ ಪಟ್ಟಿ ಬೇರೆ ತಂಡದಿಂದ ಬರುತ್ತಿತ್ತು. ಅದರಲ್ಲಿ ವಿಳಾಸಗಳು 192.168.001.008, 192.168.001.010 ಅಂತ ಸೊನ್ನೆ ತುಂಬಿಸಿಕೊಂಡು ಇದ್ದವು. ಸಾಲುಗಳು ಒಂದೇ ಅಗಲಕ್ಕೆ ಕೂರುತ್ತವೆ, ಸರಿಯಾದ ಕ್ರಮದಲ್ಲಿ ವಿಂಗಡಣೆಯೂ ಆಗುತ್ತದೆ. ಮನುಷ್ಯರ ಕಣ್ಣಿಗೆ ಅದರಲ್ಲಿ ಏನೂ ತಪ್ಪಿಲ್ಲ.

ಆದರೆ ಸಿ ಭಾಷೆಯ ಕಾಲದಿಂದ ಬಂದ ಒಂದು ರೂಢಿ ಇದೆ. ಸೊನ್ನೆಯಿಂದ ಶುರುವಾಗುವ ಅಂಕಿಯನ್ನು ಎಂಟರ ಲೆಕ್ಕದಲ್ಲಿ, ಅಂದರೆ ಆಕ್ಟಲ್‌ನಲ್ಲಿ ಓದಬೇಕು. ಅಲ್ಲಿ 010 ಅಂದರೆ ಒಂದು ಎಂಟು ಮತ್ತು ಸೊನ್ನೆ, ಅಂದರೆ 8. ವಿಳಾಸ ಓದುವ ಹಳೆಯ ಇನೆಟ್-ಏಟನ್ ಫಂಕ್ಷನ್ ಇವತ್ತಿಗೂ ಹೀಗೇ ಓದುತ್ತದೆ. ಪೈಥಾನ್‌ನ ಸಾಕೆಟ್, ಲಿನಕ್ಸ್‌ನಲ್ಲಿ ಇಂಥ ವಿಳಾಸ ಸಿಕ್ಕರೆ ಅದನ್ನು ಸಿ ಲೈಬ್ರರಿಗೆ, ಅಂದರೆ ಸಿ ಭಾಷೆಯ ಸಿದ್ಧ ಫಂಕ್ಷನ್‌ಗಳ ಗುಂಪಿಗೆ, ಒಪ್ಪಿಸುತ್ತದೆ, ಅಲ್ಲಿ ಇದೇ ಲೆಕ್ಕ ನಡೆಯುತ್ತದೆ. ಆಕ್ಟಲ್‌ನಲ್ಲಿ 8 ಮತ್ತು 9 ಅನ್ನುವ ಅಂಕಿಗಳೇ ಇಲ್ಲ. ಹಾಗಾಗಿ 008 ಇರುವ ಸಾಲು ವಿಳಾಸವೇ ಅಲ್ಲ ಅಂತ ತೀರ್ಮಾನವಾಗಿ, ಅದನ್ನು ಯಾವುದೋ ಕಂಪ್ಯೂಟರ್‌ನ ಹೆಸರು ಅಂದುಕೊಂಡು ಹುಡುಕಲು ಹೋಗುತ್ತದೆ.

ಈಗ ಇಡೀ ಪಟ್ಟಿಯನ್ನು ಈ ಕಣ್ಣಿನಿಂದ ನೋಡಿ. ವಿಳಾಸದ ಕೊನೆಯ ಭಾಗ 1ರಿಂದ 7ರವರೆಗೆ ಇದ್ದರೆ ಎಲ್ಲ ಸರಿ, ಯಾಕೆಂದರೆ 007 ಎರಡೂ ಲೆಕ್ಕದಲ್ಲಿ ಏಳೇ. 8, 9ಕ್ಕೆ ದೋಷ. 10 ಕೇಳಿದರೆ 8, 20 ಕೇಳಿದರೆ 16, 64 ಕೇಳಿದರೆ 52. ನೂರರ ಮೇಲಿನವಕ್ಕೆ ಮುಂದೆ ಸೊನ್ನೆಯೇ ಇಲ್ಲ, ಅವೂ ಸರಿ. ಜಾಸ್ತಿ ಪಾಲು ಸರಿಯಾಗಿಯೇ ಕಾಣುತ್ತದೆ, ಅಲ್ವಾ? ಇದು ಇಷ್ಟು ಕಾಲ ಸಿಕ್ಕಿಬೀಳದೆ ಉಳಿದದ್ದು ಅದಕ್ಕೇ. ಎಲ್ಲವೂ ಕೆಟ್ಟಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಹಾಗಿದ್ದರೆ ಲಾಗ್‌ನಲ್ಲಿ ಹತ್ತು ಬಂದದ್ದು ಹೇಗೆ? ವಿಳಾಸವನ್ನು ಪರೀಕ್ಷಿಸಿ ಲಾಗ್‌ಗೆ ಬರೆಯುವ ಕೆಲಸ ಪೈಥಾನ್‌ನದೇ ಐಪಿಅಡ್ರೆಸ್ ಲೈಬ್ರರಿಯದು. ಅದು ಮುಂದಿನ ಸೊನ್ನೆಗಳನ್ನು ಸುಮ್ನೆ ಕಿತ್ತುಹಾಕಿ ಹತ್ತು ಅಂತ ಓದುತ್ತಿತ್ತು. ಒಂದೇ ಭಾಷೆ, ಅದರ ಜೊತೆಗೇ ಬರುವ ಎರಡು ಲೈಬ್ರರಿಗಳು, ಒಂದೇ ಸಾಲಿಗೆ ಎರಡು ಅರ್ಥ. ನನಗೆ ನಿಜಕ್ಕೂ ಬೇಸರವಾದದ್ದು ಇದರ ಹಿನ್ನೆಲೆ ಓದಿದಾಗ. ಮೊದಲು ಆ ಲೈಬ್ರರಿ 010ನಂಥ ಗೊಂದಲದ ಅಂಕಿಗಳನ್ನು ತಿರಸ್ಕರಿಸುತ್ತಿತ್ತು. ಪೈಥಾನ್‌ನ 3.8 ಆವೃತ್ತಿಯಲ್ಲಿ ಆ ಕಾವಲನ್ನು ತೆಗೆದುಹಾಕಿದರು. ಇದು ಭದ್ರತಾ ದೋಷ ಅಂತ ದಾಖಲಾದ ಮೇಲೆ, 2021ರ ಮೇ ತಿಂಗಳಲ್ಲಿ ಬಂದ 3.9.5ರಲ್ಲಿ ಇನ್ನೂ ಬಿಗಿಯಾಗಿ ವಾಪಸ್ ತಂದರು. ನಮ್ಮ ಸರ್ವರ್‌ನಲ್ಲಿದ್ದದ್ದು ಅದಕ್ಕಿಂತ ಹಿಂದಿನ 3.9. ಅದೇ ವರ್ಷ ಗೋ ಭಾಷೆಯಲ್ಲೂ ರಸ್ಟ್‌ನಲ್ಲೂ ಇದೇ ಜಾತಿಯ ದೋಷ ಸಿಕ್ಕಿ, ಗೋ 1.17 ಮತ್ತು ರಸ್ಟ್ 1.53ರಲ್ಲಿ ಸರಿಯಾಯಿತು. ವಿಚಿತ್ರ ಅಂದರೆ, ಪೈಥಾನ್ 3ರ ಕೋಡ್‌ನಲ್ಲಿ 010 ಅಂತ ಸಂಖ್ಯೆ ಬರೆದರೆ ಭಾಷೆಯೇ ಒಪ್ಪುವುದಿಲ್ಲ. ಅಲ್ಲಿ ಗೊತ್ತಿದ್ದ ಅಪಾಯ ವಿಳಾಸದ ವಿಷಯದಲ್ಲಿ ಮರೆತುಹೋಗಿತ್ತು.

ನಮ್ಮಲ್ಲಿ ಕೆಟ್ಟದ್ದು ಪರದೆಯ ಬಣ್ಣ ಮಾತ್ರ. ಹೊರಗಿನವರು ಕೊಟ್ಟ ವಿಳಾಸಕ್ಕೆ ಕನೆಕ್ಟ್ ಆಗುವ ಸರ್ವರ್ ಆಗಿದ್ದರೆ? ಒಳಗಿನ ನೆಟ್‌ವರ್ಕ್‌ಗೆ ಹೋಗಬಾರದು ಅಂತ ಪರೀಕ್ಷೆ ಇಟ್ಟಿರುತ್ತಾರೆ. ಯಾರೋ 012.0.0.1 ಕೊಡುತ್ತಾರೆ. ಪರೀಕ್ಷೆ ಅದನ್ನು 12.0.0.1 ಅಂತ ಓದಿ, ಹೊರಗಿನ ವಿಳಾಸ, ಹೋಗಲಿ ಅನ್ನುತ್ತದೆ. ಸಾಕೆಟ್ ಹೋಗಿ ತಟ್ಟುವುದು 10.0.0.1ರ ಬಾಗಿಲನ್ನು. ಅದು ಒಳಗಿನದು. ಅದಕ್ಕೇ ತಿರಸ್ಕರಿಸುವುದೇ ಸರಿ ಅಂತ ನಾನು ವಾದ ಮಾಡುತ್ತೇನೆ. ಎರಡು ಅರ್ಥ ಬರುವ ಸಾಲಿಗೆ ಲೈಬ್ರರಿ ಒಂದನ್ನು ಊಹಿಸಬಾರದು.

ಬರೀ ಹೊಸ ಪೈಥಾನ್ ಹಾಕಿದ್ದರೆ ನಮ್ಮ ಪಟ್ಟಿಯೇ ಓದಲು ಬರುತ್ತಿರಲಿಲ್ಲ. ಸೊನ್ನೆಗಳು ಬರೀ ಅಗಲಕ್ಕೆ ಇರೋದು ಅಂತ ಪಟ್ಟಿ ಮಾಡುವವರಿಂದ ಖಚಿತ ಮಾಡಿಕೊಂಡು, ಪಟ್ಟಿ ಒಳಗೆ ಬರುವ ಜಾಗದಲ್ಲೇ ಚುಕ್ಕಿಗಳಲ್ಲಿ ಒಡೆದು, ಪ್ರತಿ ತುಂಡನ್ನೂ ಹತ್ತರ ಲೆಕ್ಕದಲ್ಲಿ ಓದಿ, ಮತ್ತೆ ಜೋಡಿಸಿದೆವು. ಆ ಜಾಗ ದಾಟಿದ ಮೇಲೆ ಮೂಲ ಸಾಲು ಯಾರ ಕೈಗೂ ಸಿಗುವುದಿಲ್ಲ. ಲಾಗ್‌ಗೆ ಹೋಗುವುದೂ ಸಾಕೆಟ್‌ಗೆ ಹೋಗುವುದೂ ಒಂದೇ ವಿಳಾಸ.

ಆದರೂ ಪಟ್ಟಿಯಿಂದ ನೇರವಾಗಿ ಕಾಪಿ ಮಾಡಿ, ಸಾಧನ ಉತ್ತರ ಕೊಡುತ್ತದಾ ಅಂತ ನೋಡುವ ಪಿಂಗ್ ಕಮಾಂಡ್‌ಗೆ ಹಾಕುವವರು ಇದ್ದೇ ಇರುತ್ತಾರೆ. ಪಿಂಗ್ ಈಗಲೂ 010ನ್ನು ಎಂಟು ಅಂತಲೇ ಓದುತ್ತದೆ. ಪಟ್ಟಿಯ ತಂಡದವರಿಗೆ ಇದನ್ನು ಅವರ ಮುಂದೆಯೇ ಮಾಡಿ ತೋರಿಸಿದೆ. ಅವರು ವಿಂಗಡಣೆಗೆ ಬೇರೆ ಕಾಲಂ ಮಾಡಿಕೊಂಡು, ವಿಳಾಸದ ಕಾಲಂನಿಂದ ಸೊನ್ನೆಗಳನ್ನು ತೆಗೆದರು.